ನನ್ನ ನಾದಿನಿಯ ಒಡೆಯುವ ಉದ್ಯೋಗ

ನನ್ನ ನಾದಿನಿಗೆ ಸರ್ಕಾರ ಮೂವತ್ತು ವರ್ಷ ಸಂಬಳ ಕೊಟ್ಟದ್ದು ಒಡೆಯುವುದಕ್ಕೆ!

ನಗಬೇಡಿ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಗಾಜಿನ ಲೋಟ ಕೈಜಾರಿ ಒಡೆದದ್ದಕ್ಕೆ ನಮ್ಮ ಅತ್ತೆಯವರು ಮೂರು ದಿನ ಮುಖ ಊದಿಸಿಕೊಂಡಿದ್ದರು. ಅದೇ ಅವರ ಮಗಳು ಬೆಳಗ್ಗೆಯಿಂದ ಸಂಜೆಯವರೆಗೆ ಲೆಕ್ಕವಿಲ್ಲದಷ್ಟು ಒಡೆದು, ಹೇಗೆ ಒಡೆದೆ ಎಂದು ಬರೆದು, ಬರೆದದ್ದಕ್ಕೆ ಶಾಲು ಹೊದಿಸಿಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆಯುತ್ತಿದ್ದರು. ಅವಳು ಒಡೆಯುತ್ತಿದ್ದದ್ದು ಲೋಟವನ್ನಲ್ಲ, ಅಣುಗಳನ್ನು, ಸುತ್ತಿಗೆಯಿಂದಲ್ಲ, ಬೆಳಕಿನಿಂದ. ಒಪ್ಪಿದೆ. ಆದರೂ ಒಡೆಯುವುದು ಒಡೆಯುವುದೇ ತಾನೆ?

ಅವಳು ನಮ್ಮ ಯಜಮಾನರ ಒಬ್ಬಳೇ ತಂಗಿ, ನನಗಿಂತ ಒಂದೇ ವರ್ಷ ಚಿಕ್ಕವಳು. ನಾನು ಮದುವೆಯಾಗಿ ವನಗೂರಿನ ಈ ಗುಡ್ಡ ಹತ್ತಿದಾಗ ಅವಳಿನ್ನೂ ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಆಮೇಲೆ ಎಂ.ಎಸ್ಸಿ., ಆಮೇಲೆ ಡಾಕ್ಟರೇಟು, ಆಮೇಲೆ ದೂರದ ಊರಿನಲ್ಲೊಂದು ಲೇಸರ್ ಪ್ರಯೋಗಾಲಯ. ಮದುವೆಯಾಗಲಿಲ್ಲ. ಎರಡು ವರ್ಷದ ಹಿಂದೆ ನಿವೃತ್ತಳಾಗಿ, ಎಂಟು ಪೆಟ್ಟಿಗೆ ಪುಸ್ತಕ ಮತ್ತು ಒಂದು ಪೆಟ್ಟಿಗೆ ಕನ್ನಡಿಗಳೊಂದಿಗೆ ನಮ್ಮ ಕಾಫಿ ತೋಟದ ಮನೆಗೆ ಬಂದು ಇಳಿದಳು. ಸೀರೆಗಳಿದ್ದದ್ದು ಕೈಚೀಲದಲ್ಲಿ.

ಲೇಸರ್ ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು; ಅದೇ ಬಂದ ಕಷ್ಟ. ಸಕಲೇಶಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರು, "ನಿಮ್ಮ ನಾದಿನಿ ಲೇಸರ್ ಅಂತೆ, ಮೀಸೆ ಕೂದ್ಲು ತೆಗೀತಾರಾ?" ಎಂದು ಕಿವಿಯಲ್ಲಿ ಕೇಳಿದರು. ನನ್ನ ತವರು ಆಲೂರು ತಾಲ್ಲೂಕಿನ ಪಾಳ್ಯದ ಕಡೆ. ಅಲ್ಲಿಂದ ನಮ್ಮ ದೊಡ್ಡಪ್ಪ ಎರಡು ಬಸ್ಸು ಬದಲಾಯಿಸಿ, ಕಣ್ಣಿನ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಂದೇಬಿಟ್ಟರು. ಹೆಸರಿನ ಹಿಂದೆ ಡಾಕ್ಟರ್ ಬೇರೆ ಇದೆಯಲ್ಲ!

"ಡಾಕ್ಟ್ರವ್ವ, ಈ ಬಲಗಣ್ಣಿಗೆ ಪೊರೆ ಬಂದೈತೆ. ನಿಮ್ ಲೇಸರ್ನ ಒಂದ್ಸಲ ಹಿಂಗೆ ಆಡ್ಸಿಬುಡವ್ವ, ಸಾಕು."

ಬೇರೆ ಯಾರಾದರೂ ಆಗಿದ್ದರೆ ನಾನು ಆ ಡಾಕ್ಟರಲ್ಲ ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದರು. ಇವಳು ದೊಡ್ಡಪ್ಪನನ್ನು ಜಗಲಿಯ ಮೇಲೆ ಕೂರಿಸಿ, ಕಣ್ಣೊಳಗೆ ಬೆಳಕು ಹೇಗೆ ಹೋಗುತ್ತದೆ, ಪೊರೆ ಬಂದಾಗ ಅದು ಹೇಗೆ ಚದುರುತ್ತದೆ, ಮಂಜಿನಲ್ಲಿ ಜೀಪಿನ ಲೈಟು ಹಾಕಿದರೆ ದಾರಿ ಯಾಕೆ ಕಾಣುವುದಿಲ್ಲ ಎಂದೆಲ್ಲ ಆ ರಿಪೋರ್ಟಿನ ಹಿಂಬದಿಯಲ್ಲೇ ಚಿತ್ರ ಬರೆದು ಒಂದು ಗಂಟೆ ವಿವರಿಸಿದಳು. ದೊಡ್ಡಪ್ಪ ಕಣ್ಣರಳಿಸಿ ಕೇಳಿದರು. ಆಮೇಲೆ ಅಡುಗೆಮನೆಗೆ ಬಂದು ನನ್ನ ಹತ್ತಿರ ಮೆಲ್ಲಗೆ, "ಏನ್ ತಿಳ್ಕೊಂಡೈತವ್ವ ಆ ಮಗು! ಆದ್ರೆ ಪೊರೆ ತೆಗ್ಯೋದು ಯಾವಾಗ ಅಂತ ಹೇಳ್ಲೇ ಇಲ್ವಲ್ಲ?" ಎಂದರು.

ಮೂರು ದಿನ ಬಿಟ್ಟು ಅವಳೇ ಅವರನ್ನು ಹಾಸನದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು ಎಂಬುದನ್ನೂ ಹೇಳಿಬಿಡಬೇಕು. ಅಲ್ಲಿ ಡಾಕ್ಟರಿಗೂ ಒಂದು ಪಾಠ ಆಯಿತಂತೆ.

ಈ ವಿವರಿಸುವ ಚಟ ಅವಳಿಗೆ ಮೊದಲಿನಿಂದಲೂ ಇದೆ. ಬೇಲೂರು ಕಡೆಯಿಂದ ಒಂದು ಗಂಡಿನ ಮನೆಯವರು ನೋಡಲು ಬಂದಿದ್ದರು. ಹುಡುಗ ಸಂಭಾವಿತ, ಒಳ್ಳೆಯ ಕೆಲಸ. ಮಾತು ಶುರುವಾಗಲಿ ಎಂದು ಆತ, "ನೀವು ಏನು ಮಾಡ್ತಿದೀರಿ?" ಎಂದು ಕೇಳಿದ. ಅಯ್ಯೋ, ಕೇಳಬಾರದಿತ್ತು! ಒಂದೂವರೆ ಗಂಟೆ. ಉಪ್ಪಿಟ್ಟು ಆರಿ, ಮತ್ತೆ ಬಿಸಿ ಮಾಡಿ, ಅದೂ ಆರಿತು. ಹುಡುಗನ ತಾಯಿ ಗೋಡೆಗೊರಗಿ ಕಣ್ಣು ಮುಚ್ಚಿದರು. ಈ ಸಂಬಂಧವೂ ಕೈಬಿಟ್ಟಿತು ಎಂದು ನಮ್ಮ ಅತ್ತೆಯವರು ಒಳಗೆ ಕಣ್ಣೀರು ಹಾಕಿದರು. ಆದರೆ ಏನಾಯಿತು ಗೊತ್ತೇ? ಹುಡುಗ ಒಪ್ಪಿಬಿಟ್ಟ! ಬೇಡ ಎಂದವಳು ಇವಳು.

"ಯಾಕೇ ಮಾರಾಯ್ತಿ?" ಎಂದು ನಾನು ಕೇಳಿದೆ.

"ಅಷ್ಟು ಹೊತ್ತು ಹೇಳಿದೀನಿ ಅತ್ತಿಗೆ, ಅವ್ರು ಒಂದೇ ಒಂದು ಪ್ರಶ್ನೆ ಕೇಳ್ಲಿಲ್ಲ."

ಅವಳು ನನಗೆ ಹೇಳಿದ್ದನ್ನು ನಿಮಗೆ ಹೇಳುತ್ತೇನೆ, ತಪ್ಪಿದ್ದರೆ ತಪ್ಪು ನನ್ನದು. ಅಣುವಿಗೆ ಬೆಳಕು ಬಡಿದರೆ ಕೆಲವು ಅಣುಗಳು ಒಡೆಯುತ್ತವೆ, ಕೆಲವು ತಿರುಚಿಕೊಳ್ಳುತ್ತವೆ. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ ಎಂದು ನಾನು ಅಂದರೆ ಅವಳಿಗೆ ಸಿಟ್ಟು ಬರುತ್ತದೆ. ಕಣ್ಣು ಮಿಟುಕಿಸುವುದು ಅವಳ ಲೆಕ್ಕದಲ್ಲಿ ಒಂದು ಯುಗ. ಮೂರು ಕೋಟಿ ವರ್ಷದ ಮುಂದೆ ಒಂದು ಸೆಕೆಂಡು ಎಷ್ಟು ಚಿಕ್ಕದೋ, ಒಂದು ಸೆಕೆಂಡಿನ ಮುಂದೆ ಅಷ್ಟು ಚಿಕ್ಕದು ಅವಳ ಫೆಮ್ಟೋಸೆಕೆಂಡು. ಅಂಥವು ಕೆಲವು ಕಳೆಯುವುದರೊಳಗೆ ಅಣುವಿನ ಕಥೆ ಮುಗಿದಿರುತ್ತದೆ.

ಹಾಗಾದರೆ ಅದನ್ನು ನೋಡುವುದು ಹೇಗೆ? ಅದಕ್ಕೆ ಎರಡು ಬೆಳಕು ಬೇಕು. ಒಮ್ಮೆ ನಮ್ಮ ಯಜಮಾನರಿಗೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೂ ಇದನ್ನು ತೋಟದ ಭಾಷೆಯಲ್ಲೇ ತಿಳಿಸಿದಳು.

"ಅಣ್ಣ, ಮಂಗ ಓಡ್ಸೋಕೆ ಪಟಾಕಿ ಹಾರಿಸ್ತೀರಲ್ಲ, ಅದು ಮೊದಲ್ನೇ ಬೆಳಕು. ಮಂಗಗಳೆಲ್ಲ ಚೆಲ್ಲಾಪಿಲ್ಲಿ. ಎರಡ್ನೇ ಬೆಳಕು ಕ್ಯಾಮೆರಾ ಫ್ಲ್ಯಾಶ್ ಇದ್ದಂಗೆ. ಪಟಾಕಿ ಹೊಡೆದ ತಕ್ಷಣ ಒಂದು ಫೋಟೋ, ಇನ್ನೊಂಚೂರು ತಡ ಮಾಡಿ ಇನ್ನೊಂದು, ಮತ್ತೂ ಒಂಚೂರು ತಡ ಮಾಡಿ ಮತ್ತೊಂದು. ಹಿಂಗೆ ಸಾವಿರ ಸಲ. ಎಲ್ಲಾ ಜೋಡಿಸಿದ್ರೆ ಯಾವ ಮಂಗ ಯಾವ ಕೊಂಬೆಯಿಂದ ಯಾವ ಕೊಂಬೆಗೆ ಹಾರ್ತು ಅಂತ ಗೊತ್ತಾಗುತ್ತೆ."

ನಮ್ಮ ಯಜಮಾನರು ಬಹಳ ಹೊತ್ತು ಯೋಚಿಸಿದರು. ಆಮೇಲೆ ಕೇಳಿದರು: "ಅದೆಲ್ಲ ಸರಿ. ಕೊನೆಗೆ ಮಂಗ ತೋಟ ಬಿಟ್ಟು ಹೋಗ್ತಾವೋ ಇಲ್ವೋ?"

ಇಷ್ಟು ಸೂಕ್ಷ್ಮ ಹೊತ್ತನ್ನು ಅಳೆಯುವವಳು ಸ್ವಂತ ಬದುಕಿನಲ್ಲಿ ಎಷ್ಟು ಸಮಯಪಾಲನೆ ಮಾಡುತ್ತಾಳೆ ಎಂದು ನೀವು ಊಹಿಸುತ್ತಿದ್ದೀರಿ. ತಪ್ಪು! ರಜೆ ಮುಗಿಸಿ ಹೊರಟಾಗೆಲ್ಲ ಅವಳನ್ನು ಸಕಲೇಶಪುರದ ಸ್ಟೇಷನ್ನಿಗೆ ಮುಟ್ಟಿಸುವುದು ಒಂದು ದೊಡ್ಡ ಯುದ್ಧ. ಜೀಪು ಹತ್ತಿದ ಮೇಲೆ ಚಪ್ಪಲಿ ನೆನಪಾಗುತ್ತದೆ, ಹಾನುಬಾಳು ದಾಟಿದ ಮೇಲೆ ಟಿಕೆಟ್ಟು ನೆನಪಾಗುತ್ತದೆ. ಒಮ್ಮೆ ನಾವು ಪ್ಲಾಟ್‌ಫಾರ್ಮಿಗೆ ಓಡಿ ಬಂದಾಗ ಅಲ್ಲಿ ಕಡಲೆಕಾಯಿ ಮಾರುವ ಒಬ್ಬಾತ ಬಿಟ್ಟರೆ ಯಾರೂ ಇರಲಿಲ್ಲ. "ರೈಲು ಹೋಗಿ ಮುಕ್ಕಾಲು ಗಂಟೆ ಆಯ್ತಲ್ರವ್ವಾ" ಎಂದ. ಇವಳು ಗಡಿಯಾರ ನೋಡಿ ನೆಮ್ಮದಿಯಿಂದ ಹೇಳಿದಳು: "ಓ, ಸ್ವಲ್ಪದ್ರಲ್ಲಿ ತಪ್ಪಿತು!"

ಅವಳ ಪ್ರಯೋಗಾಲಯವನ್ನು ನಾನು ನೋಡಿದ್ದು ಒಂದೇ ಸಲ. ಬಾಗಿಲಲ್ಲೇ ನಿಲ್ಲಿಸಿ, "ಅತ್ತಿಗೆ, ಬಳೆ ತೆಗೀರಿ, ಉಂಗುರ ತೆಗೀರಿ, ತಾಳಿ ಸೆರಗಿನೊಳಗೆ ಹಾಕ್ಕೊಳ್ಳಿ" ಎಂದಳು. ನಾನು ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೊಳೆಯುವ ವಸ್ತುವಿಗೆ ಲೇಸರ್ ತಾಗಿ ಯಾರ ಕಣ್ಣಿಗಾದರೂ ಚಿಮ್ಮಬಹುದಂತೆ. ಆಮೇಲೆ ಒಂದು ದಪ್ಪ ಕನ್ನಡಕ ಹಾಕಿಸಿದಳು. ಒಳಗೆ ಹೋದರೆ ಕತ್ತಲೆ ಕೋಣೆ, ನಮ್ಮ ಮದುವೆಯ ಮಂಟಪದಷ್ಟು ದೊಡ್ಡ ಮೇಜು, ಮೇಜಿನ ತುಂಬ ಹೆಬ್ಬೆರಳಷ್ಟು ಕನ್ನಡಿಗಳು. ಬೆಳಕು ಕಾಣಲೇ ಇಲ್ಲ! ಮೂಲೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಮೇಲಿಂದ ಕೆಳಗೆ ಇಳಿದಿತ್ತು.

"ನೋಡಿ ಅತ್ತಿಗೆ, ಇಲ್ಲಿ ಅಣು ಒಡೀತು!"

"ಇಷ್ಟೇನಾ?" ಎಂದೆ.

"ಇಷ್ಟಕ್ಕೇ ಎಂಟು ತಿಂಗಳು ಆಯ್ತು."

ಆ ಗೆರೆಯನ್ನು ಸರಿಯಾಗಿ ನೋಡೋಣವೆಂದು ಮುಂದೆ ಬಗ್ಗಿದೆ. ಬಗ್ಗಿದವಳು ಆಸರೆಗೆ ಮೇಜಿನ ಮೇಲೆ ಕೈ ಊರಿದೆ. ಒಂದು ಕನ್ನಡಿ ಟಿಕ್ ಎಂದಿತು. ಕೋಣೆಯಲ್ಲಿದ್ದ ಇಬ್ಬರು ಸಂಶೋಧಕಿಯರು ಉಸಿರು ಬಿಗಿಹಿಡಿದರು. ಪರದೆಯ ಮೇಲಿನ ಗೆರೆ ಮಾಯವಾಯಿತು. ಬೇರೆ ನಾದಿನಿಯಾಗಿದ್ದರೆ ಈ ಒಂದು ಅಪರಾಧವನ್ನು ಸಾಯುವವರೆಗೆ ಹೇಳುತ್ತಿದ್ದಳು. ಇವಳು ನನ್ನ ಭುಜ ಹಿಡಿದು, "ಪರವಾಗಿಲ್ಲ ಅತ್ತಿಗೆ, ಮತ್ತೆ ಜೋಡಿಸೋಕೆ ಎರಡೇ ವಾರ" ಎಂದು ಕ್ಯಾಂಟೀನಿಗೆ ಕರೆದೊಯ್ದಳು. ಅಲ್ಲಿ ಬನ್ನು ತಿನ್ನಿಸಿದಳು.

ಇಂಥವಳು ಖಾಯಮ್ಮಾಗಿ ಮನೆಗೆ ಬಂದರೆ ಹೇಗಿರಬೇಡ! ಬಂದ ವಾರದಲ್ಲೇ ಕಿಟಕಿಯ ಪಕ್ಕದ ಎಣ್ಣೆ ಬಾಟಲಿ ಕಪಾಟಿನೊಳಗೆ ಹೋಯಿತು. ಹಾಲಿನ ಪಾತ್ರೆಗೆ ಬೆಳಕು ತಾಗುವಂತಿಲ್ಲ, ಅದರೊಳಗಿನ ಜೀವಸತ್ವ ಒಡೆಯುತ್ತದೆ. ಅರಿಶಿನದ ಡಬ್ಬ, ಮಾತ್ರೆಯ ಡಬ್ಬ, ಉಪ್ಪಿನಕಾಯಿಯ ಜಾಡಿ ಎಲ್ಲವೂ ಕತ್ತಲೆಗೆ. ಅಡುಗೆಮನೆಯಲ್ಲಿ ಬೆಳಕಿಗೆ ಹೆದರದೆ ಉಳಿದವಳು ನಾನೊಬ್ಬಳೇ. ಕಣದಲ್ಲಿ ಕಾಫಿ ಹರಡುವ ಹೆಂಗಸರನ್ನೂ ಬಿಡಲಿಲ್ಲ. ಕೂಲಿಯಾಳುಗಳ ಲೈನ್ ಮನೆಯ ಮುದುಕಿಯೊಬ್ಬಳ ಕೆಂಪು ರವಿಕೆ ಬೆನ್ನ ಮೇಲೆ ಬಿಳಿಚಿಕೊಂಡಿದ್ದನ್ನು ತೋರಿಸಿ, ಬಿಸಿಲು ಬಣ್ಣದ ಅಣುವನ್ನು ಹೇಗೆ ಮುರಿಯುತ್ತದೆಂದು ಹೇಳಿದಳು. ಮುದುಕಿ ಕಾಫಿಯ ಮೇಲೆ ಕುಂಟೆ ಎಳೆಯುತ್ತಲೇ, "ರವಿಕೆ ಬುಡವ್ವ, ನಲವತ್ ವರ್ಷದಿಂದ ಇದೇ ಬಿಸ್ಲಲ್ಲಿ ಇವ್ನಿ, ನಾನೇ ಮಾಸೋಗ್ಬುಟ್ಟಿವ್ನಿ" ಎಂದಳು. ಮರುದಿನ ನಾದಿನಿ ಸಂತೆಯಿಂದ ಕಣದ ಹೆಂಗಸರಿಗೆಲ್ಲ ಅಗಲ ಅಂಚಿನ ಟೋಪಿ ತಂದಳು. ಒಬ್ಬರೂ ಹಾಕಿಕೊಳ್ಳಲಿಲ್ಲ. ಈಗ ಅದರಲ್ಲಿ ಮೊಟ್ಟೆ ಇಡುತ್ತಾರೆ.

ಆದರೆ ನಿಜವಾದ ಗಲಾಟೆ ಆದದ್ದು ಮಾವನವರ ಫೋಟೋದಿಂದ. ತೀರಿಕೊಂಡ ಮಾವನವರ ಬಣ್ಣದ ಫೋಟೋ ಪಡಸಾಲೆಯ ಗೋಡೆಯ ಮೇಲಿದೆ, ಎದುರಿಗೇ ಕಿಟಕಿ. ಒಂದು ಸೋಮವಾರ ಬೆಳಗ್ಗೆ ಅತ್ತೆಯವರು ವಿಭೂತಿ ಹಚ್ಚಲು ಹೋದರೆ ಮಾವನವರು ಗೋಡೆಯ ಕಡೆ ತಿರುಗಿದ್ದಾರೆ! ಫೋಟೋದ ಬೆನ್ನು ಮಾತ್ರ ಕಾಣುತ್ತಿದೆ.

"ಅಯ್ಯೋ ಶಿವನೇ! ನಿಮ್ಮಪ್ಪಯ್ಯನ್ನ ಗೋಡೆ ಕಡೆ ತಿರ್ಗಿಸಿ ನಿಲ್ಸಿದೀಯಲ್ಲೇ! ಏನ್ ತಪ್ಪು ಮಾಡಿದ್ರೇ ಅವ್ರು?"

"ಅಪ್ಪಯ್ಯಂಗೆ ಬಿಸ್ಲು ಬೀಳ್ತೈತೆ ಕಣವ್ವ. ಈಗ್ಲೇ ಕೆನ್ನೆ ಬಣ್ಣ ಹೋಗ್ಬುಟ್ಟೈತೆ. ಹಿಂಗೇ ಬುಟ್ರೆ ಇನ್ನೈದು ವರ್ಷಕ್ಕೆ ಮೀಸೆನೂ ಇರಲ್ಲ."

ಮೀಸೆಯ ಮಾತು ಕೇಳಿ ಅತ್ತೆಯವರು ತಣ್ಣಗಾದರು. ಮಾವನವರ ಮೀಸೆ ಆ ಕಾಲಕ್ಕೆ ಸಕಲೇಶಪುರದವರೆಗೂ ಹೆಸರು ಮಾಡಿತ್ತಂತೆ. ಕೊನೆಗೆ ಫೋಟೋಗೆ ಒಂದು ಪರದೆ ಹೊಲಿಸಿದ್ದಾಯಿತು. ಈಗ ಪ್ರತಿ ಸೋಮವಾರ ಅತ್ತೆಯವರು ಪರದೆ ಸರಿಸಿ, ವಿಭೂತಿ ಹಚ್ಚಿ, ಎರಡು ಮಾತಾಡಿ, ಮತ್ತೆ ಮುಚ್ಚುತ್ತಾರೆ. ಗಂಡ ಹೆಂಡಿರ ನಡುವೆ ಹೊಸ ಮರ್ಯಾದೆ ಬಂದಂತಾಗಿದೆ.

ಇದೆಲ್ಲ ನಗುವ ಮಾತಾಯಿತು. ಇನ್ನು ಮುಂದಿನದನ್ನು ಹೇಗೆ ಹೇಳಲಿ ಎಂದು ಸ್ವಲ್ಪ ಯೋಚನೆಯಾಗುತ್ತಿದೆ. ಇದರಲ್ಲಿ ನನ್ನ ತಪ್ಪು ಇದೆ.

ಕಳೆದ ಫೆಬ್ರವರಿಯಲ್ಲಿ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಸಕಲೇಶಪುರದ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ಎರಡು ದಿನ ಇಟ್ಟುಕೊಂಡು, ನಾಲ್ಕು ದಿನ ಬಿಟ್ಟು ತೋರಿಸಿ, ಮೈ ಹಳದಿಯಾದರೆ ಅದಕ್ಕಿಂತ ಮೊದಲೇ ತನ್ನಿ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮಾರನೆಯ ದಿನ ಮಗುವಿನ ಕಣ್ಣಿನ ಬಿಳಿ ಭಾಗ ಸ್ವಲ್ಪ ಹಳದಿಯಾಗಿ ಕಂಡಿತು.

"ಎಳೆ ಮಕ್ಳಿಗೆ ಕಾಮಾಲೆ ಬರಾದೇ. ಎಳೆಬಿಸ್ಲಿಗೆ ಹಿಡೀರಿ, ಹೊಂಟೋಗ್ತದೆ" ಎಂದರು ಅತ್ತೆಯವರು. ಅವರು ಐದು ಹೆತ್ತವರು, ಊರಿನ ಅರ್ಧದಷ್ಟು ಮಕ್ಕಳಿಗೆ ನೀರೆರೆದವರು. ನನ್ನ ಮಗಳಿಗೂ ಹೀಗೇ ಆಗಿತ್ತು, ಬಿಸಿಲಿಗೆ ಹಿಡಿದೇ ಹೋಗಿತ್ತು. ಹಾಗಾಗಿ ನಾನೂ ಬೆಳಗ್ಗೆ ಜಗಲಿಯ ಮೇಲೆ ಮಗುವನ್ನು ಹಿಡಿದು ಕೂತೆ.

ನಾದಿನಿ ಬಂದು ಮಗುವನ್ನು ದಿಟ್ಟಿಸಿದಳು. ಹಣೆಯ ಮೇಲೆ ಬೆರಳೊತ್ತಿ ಬಿಟ್ಟಳು. ಎದೆಯ ಮೇಲೆ ಒತ್ತಿದಳು. ಕಾಲುಚೀಲ ಬಿಚ್ಚಿ ಅಂಗಾಲು ನೋಡಿದಳು. ಆಮೇಲೆ ನನ್ನ ಮಗಳನ್ನು, "ಹಾಲು ಕುಡೀತಿದ್ಯಾ?" ಎಂದು ಕೇಳಿದಳು.

"ಇಲ್ಲ ಅತ್ತೆ, ಬೆಳಗ್ಗೆಯಿಂದ ಎಬ್ಬಿಸಿದ್ರೂ ನಿದ್ದೆ ಮಾಡ್ತಾನೇ ಇದೆ."

"ಅತ್ತಿಗೆ, ಅಂಗಾಲಿನವರೆಗೂ ಹಳದಿ ಇಳಿದಿದೆ. ಈಗಲೇ ಆಸ್ಪತ್ರೆಗೆ ಹೋಗ್ಬೇಕು."

ಯಜಮಾನರು ಕಾಫಿ ಮೂಟೆ ಹೇರಿಸಿಕೊಂಡು ಲಾರಿಯ ಜೊತೆ ಹೋಗಿದ್ದರು, ಸಂಜೆಗೆ ಬರುವವರು. ಬಾಣಂತಿಯನ್ನು ಆ ಗುಡ್ಡದ ದಾರಿಯಲ್ಲಿ ಕುಲುಕಿಸುವುದು ಬೇಡ, ಬಿಸಿಲಿದೆಯಲ್ಲ, ನಾಳೆ ನೋಡೋಣ ಎಂದೆ.

"ಬಿಸಿಲಲ್ಲಿ ಬೇಕಾದ ಬೆಳಕು ಇದೆ, ಆದ್ರೆ ಸುಡೋದೂ ಅದ್ರಲ್ಲೇ ಇದೆ. ಈ ಮಗುಗೆ ಬೇಕಾಗೋವಷ್ಟು ಕೊಡ್ಬೇಕು ಅಂದ್ರೆ ಬಟ್ಟೆ ಬಿಚ್ಚಿ ದಿನವಿಡೀ ಬಿಸಿಲಲ್ಲಿ ಮಲಗಿಸ್ಬೇಕು. ಮಲಗಿಸ್ತೀರಾ? ಈ ಹಳದಿ ಅಣು ನಂಗೆ ಗೊತ್ತು ಅತ್ತಿಗೆ. ಇದ್ರ ಮೇಲೇ ಎರಡು ವರ್ಷ ಕೆಲಸ ಮಾಡಿದೀನಿ."

ನನಗೆ ಎಲ್ಲಿಂದ ಬಂತೋ ಆ ಸಿಟ್ಟು. ಹೆರಿಗೆಯ ದಿನದಿಂದ ನಿದ್ದೆಯಿರಲಿಲ್ಲ. ಒಳಗೊಳಗೇ ಹೆದರಿಕೆಯೂ ಇತ್ತು. ಹೆದರಿದವರು ಆಡುವಂತೆ ಆಡಿಬಿಟ್ಟೆ.

"ಅಣು ಗೊತ್ತಿರಬಹುದು ಕಣೇ. ಒಂದು ಮಗು ಹೆತ್ತಿದ್ರೆ ಮಗುನೂ ಗೊತ್ತಿರ್ತಿತ್ತು ನಿಂಗೆ!"

ಅತ್ತೆಯವರು ಸೆರಗು ಬಾಯಿಗೆ ಹಿಡಿದರು. ನಾದಿನಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಮತ್ತೆ ಹಾಕಿಕೊಂಡು ಕೇಳಿದಳು:

"ಜೀಪಿನ ಕೀ ಎಲ್ಲಿದೆ ಅತ್ತಿಗೆ?"

ಉತ್ತರ ಕೊಟ್ಟವಳು ನನ್ನ ಮಗಳು. "ಅಪ್ಪನ ಮೇಜಿನ ಡ್ರಾಯರಲ್ಲಿದೆ ಅತ್ತೆ. ಹೋಗೋಣ" ಎಂದು ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡಳು.

ನಾದಿನಿ ಆ ಜೀಪನ್ನು ಕೊನೆಯ ಸಲ ಓಡಿಸಿದ್ದು ಬಿ.ಎಸ್ಸಿ.ಯಲ್ಲಿದ್ದಾಗ. ಅಂದು ಅದು ಒಂದು ಸಿಲ್ವರ್ ಓಕ್ ಮರಕ್ಕೆ ಗುದ್ದಿ ನಿಂತಿತ್ತು. ಅದು ನಮ್ಮೆಲ್ಲರಿಗೂ ನೆನಪಿತ್ತು, ಯಾರೂ ಬಾಯಿಬಿಡಲಿಲ್ಲ. ಹೊರಡುವಾಗ ಅತ್ತೆಯವರು ವಿಭೂತಿಯ ಕರಡಿಗೆ ಹಿಡಿದು ಬಂದರು. ಮಗುವಿನ ಹಣೆಗೆ ಹಚ್ಚಲು ಹೋದಾಗ ನಾದಿನಿ, "ಅವ್ವ, ಬ್ಯಾಡ ಕಣವ್ವ, ಡಾಕ್ಟ್ರು ಹಣೆ ಬಣ್ಣ ನೋಡ್ಬೇಕು" ಎಂದಳು. ಅತ್ತೆಯವರು ಅದನ್ನು ತಮ್ಮ ಮಗಳ ಹಣೆಗೇ ಬಳಿದರು. "ಮೆಲ್ಗೆ ಓಡ್ಸವ್ವ" ಎಂದರು.

ಮೆಲ್ಲಗೇ ಓಡಿಸಿದಳು. ಎಷ್ಟು ಮೆಲ್ಲಗೆ ಎಂದರೆ ಇಳಿಜಾರಿನಲ್ಲಿ ಒಂದು ಹಸು ನಮ್ಮನ್ನು ಹಿಂದೆ ಹಾಕಿತು. ನಾನು ಹಿಂದೆ ಮಗಳ ಪಕ್ಕ ಕೂತು ಮಗುವಿನ ಮುಖವನ್ನೇ ನೋಡುತ್ತಿದ್ದೆ. ಮರದ ನೆರಳು ಸರಿದು ಬೆಳಕು ಬಿದ್ದಾಗಲೆಲ್ಲ ಆ ಹಳದಿ ನನಗೂ ಕಾಣುತ್ತಿತ್ತು. ಜಗಲಿಯ ಮೇಲೆ ಇದು ನನಗೆ ಯಾಕೆ ಕಾಣಲಿಲ್ಲ?

ಮಕ್ಕಳ ಡಾಕ್ಟರು ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದುಕೊಂಡು ಹೋದರು. ವಾಪಸು ಬಂದು ಸಮಾಧಾನದ ದನಿಯಲ್ಲಿ, "ಜಾಸ್ತಿನೇ ಇದೆ. ಇನ್ನೂ ಏರಿದ್ರೆ ಮಿದುಳಿಗೆ ತೊಂದ್ರೆ ಆಗ್ತದೆ. ಈಗ ತಂದಿದ್ದು ಒಳ್ಳೇದಾಯ್ತು, ತಕ್ಷಣ ಲೈಟಿಗೆ ಹಾಕೋಣ" ಎಂದರು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ.

ಮಗುವಿನ ಬಟ್ಟೆ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ, ಒಂದು ಗಾಜಿನ ತೊಟ್ಟಿಲಲ್ಲಿ ಮಲಗಿಸಿ ಮೇಲಿನಿಂದ ನೀಲಿ ದೀಪ ಹಾಕಿದರು. ಕೋಣೆಯೆಲ್ಲ ನೀಲಿಯಾಯಿತು. ನಾದಿನಿ ದೀಪದ ಸುತ್ತ ಒಂದು ಪ್ರದಕ್ಷಿಣೆ ಬಂದಳು. ನರ್ಸಿನ ಹತ್ತಿರ ಹೋಗಿ, "ಇದರ ತರಂಗಾಂತರ ಎಷ್ಟು ಸಿಸ್ಟರ್?" ಎಂದು ಕೇಳಿದಳು.

ನರ್ಸು ದೀಪ ನೋಡಿದಳು, ಇವಳನ್ನು ನೋಡಿದಳು. "ನೀಲಿ, ಮೇಡಂ" ಎಂದಳು.

"ಬಲ್ಬು ಮಗುವಿನಿಂದ ಎಷ್ಟು ದೂರ ಇರ್ಬೇಕು ಅಂತ ಇದೆ? ಎಷ್ಟು ಗಂಟೆ ಉರಿದ ಮೇಲೆ ಬದಲಾಯಿಸ್ತೀರಿ?"

"ನೀವು ಎಲೆಕ್ಟ್ರಿಷಿಯನ್ನಾ ಮೇಡಂ?"

ಬೇರೆ ದಿನವಾಗಿದ್ದರೆ ನಾನು ನಕ್ಕು ಸಾಯುತ್ತಿದ್ದೆ. ನಾದಿನಿ ಮಾತ್ರ ಗಂಭೀರವಾಗಿ, "ಒಂಥರಾ ಹಂಗೇ" ಎಂದಳು. ನರ್ಸು ಪಾಪ ಒಳ್ಳೆಯವಳು, ದೀಪದ ಹಿಂದೆ ಬರೆದಿಟ್ಟ ಚೀಟಿ ತೋರಿಸಿದಳು. ಎಲ್ಲ ಸರಿಯಿದೆ ಎಂದು ಕಂಡಮೇಲೆ ನಾದಿನಿ ಬಂದು ನನ್ನ ಪಕ್ಕ ಕೂತಳು. ಇಬ್ಬರ ನಡುವೆ ಒಂದು ಫ್ಲಾಸ್ಕು ಇತ್ತು.

ನಾನೇ ಕೇಳಿದೆ. "ಈಗ ಒಳಗೆ ಏನಾಗ್ತಿದೆ? ಒಡೀತಿದ್ಯಾ?"

"ಒಡೆಯೋದು ಕಮ್ಮಿ ಅತ್ತಿಗೆ. ಆ ಹಳದಿ ಅಣು ತನ್ನ ಕೈಕಾಲು ಒಳಗೇ ಮಡಿಸ್ಕೊಂಡು ಮುದುರಿ ಕೂತಿರುತ್ತೆ. ಹಂಗಿರೋವಾಗ ನೀರಿಗೆ ಕರಗಲ್ಲ, ಮೈಯಿಂದ ಆಚೆ ಹೋಗೋಕೆ ಬರಲ್ಲ. ಬೆಳಕು ಬಿದ್ದ ತಕ್ಷಣ ತಿರುಚಿಕೊಂಡು ಆ ಹಿಡಿತ ಬಿಡುತ್ತೆ. ಬಿಟ್ಟ ಮೇಲೆ ಕರಗುತ್ತೆ, ಹೋಗುತ್ತೆ." ತೊಟ್ಟಿಲ ಕಡೆ ನೋಡಿ ಹೇಳಿದಳು: "ನಾನು ಎರಡು ವರ್ಷ ಇದನ್ನೇ ನೋಡಿದ್ದು. ಆದ್ರೆ ಗಾಜಿನ ಡಬ್ಬೀಲಿ. ಮಗುವಿನೊಳಗೆ ಆಗೋದನ್ನ ನೋಡಿರ್ಲಿಲ್ಲ."

ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಅವಳಿಗೆ ಪ್ರಶ್ನೆ ಕೇಳುತ್ತ ಹೋದೆ. ಎಷ್ಟು ಹೊತ್ತು ಬೇಕು? ಮತ್ತೆ ಮುದುರಿಕೊಳ್ಳುವುದಿಲ್ಲವೇ? ಕಣ್ಣಿಗೆ ಪಟ್ಟಿ ಯಾಕೆ? ಅವಳು ಎಲ್ಲಕ್ಕೂ ಉತ್ತರ ಹೇಳಿದಳು. ಕೇಳಬೇಕಾದದ್ದು ಇದಲ್ಲ, ಕ್ಷಮೆ ಎಂದು ನನಗೆ ಗೊತ್ತಿತ್ತು. ಅದು ಬಾಯಿಗೆ ಬರಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಅವಳು ಕುಡಿದಳು.

ಮಾರನೆಯ ದಿನ ಮಧ್ಯಾಹ್ನ ಒಂದು ವಿಶೇಷ ನಡೆಯಿತು. ಮಗು ಎದ್ದು, ಜೋರಾಗಿ ಅತ್ತು, ಹಾಲು ಕುಡಿದು, ಕೆಳಗೆ ಹಾಸಿದ ಬಟ್ಟೆ ಹಾಳು ಮಾಡಿತು. ನಾದಿನಿ ಆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಂದು, "ಅತ್ತಿಗೆ, ನೋಡಿ, ನೋಡಿ! ಹಳದಿ ಹೋಗ್ತಿದೆ!" ಎಂದು ಕೂಗಿದಳು. ಶಾಲು ಹೊದಿಸಿದ ದಿನವೂ ಅವಳ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಕಾರಿಡಾರಿನಲ್ಲಿದ್ದ ನಾಲ್ಕಾರು ಜನ ಏನೋ ಎಂದು ಓಡಿ ಬಂದರು. ಬಂದ ವೇಗದಲ್ಲೇ ವಾಪಸು ಹೋದರು.

ಮೂರನೆಯ ದಿನ ರಕ್ತ ನೋಡಿ, ಮನೆಗೆ ಹೋಗಬಹುದು ಎಂದರು ಡಾಕ್ಟರು. ಯಜಮಾನರು ಜೀಪು ತರಲು ಹೋದರು. ಮಗಳು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ನಾನು ಮತ್ತು ನಾದಿನಿ ಮಗುವನ್ನು ಎತ್ತಿಕೊಂಡು ನರ್ಸಿನ ಮೇಜಿನ ಹತ್ತಿರ ನಿಂತೆವು. ಮಗು ಅವಳ ತೋಳಿನಲ್ಲಿತ್ತು. ನರ್ಸು ಒಂದು ಕಾಗದ ತೆಗೆದು, "ಮಗುನ ಕರ್ಕೊಂಡು ಹೋಗೋರ ಸಹಿ ಬೇಕು. ಮೇಡಂ, ನೀವು ಮಗುಗೆ ಏನಾಗ್ಬೇಕು?" ಎಂದು ಕೇಳಿದಳು.

ನಾದಿನಿ ಬಾಯಿ ತೆರೆದಳು. "ನಾನು... ಮಗುವಿನ ತಾಯಿಯ ತಂದೆಯ..." ಎಂದು ಶುರುಮಾಡಿ ಅಲ್ಲಿಗೇ ನಿಂತಳು. ನನ್ನ ಕಡೆ ನೋಡಲಿಲ್ಲ. ಮಗುವಿನ ಟೋಪಿ ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

"ಅಜ್ಜಿ" ಎಂದೆ ನಾನು. ನರ್ಸಿಗೆ ಕೇಳಿಸುವಂತೆ ಮತ್ತೊಮ್ಮೆ ಹೇಳಿದೆ. "ಮಗುವಿನ ಅಜ್ಜಿ, ಸಿಸ್ಟರ್. ಕರ್ಕೊಂಡು ಬಂದಿದ್ದೇ ಅವ್ರು."

"ಮತ್ತೆ ನೀವು?"

"ನಾನೂ ಅಜ್ಜಿನೇ."

"ನೀವು ತಾಯಿ ಕಡೆಯೋರು, ಅವ್ರು ತಂದೆ ಕಡೆಯೋರಾ?"

"ಇಬ್ರೂ ತಾಯಿ ಕಡೆಯೋರೇ. ಅವ್ರ ಸಹಿ ಹಾಕಿಸ್ಕೊಳ್ಳಿ."

ನರ್ಸಿಗೆ ಅರ್ಥವಾಗಲಿಲ್ಲ, ಆದರೂ ಪೆನ್ನು ಚಾಚಿದಳು. ನಾದಿನಿ ಮಗುವನ್ನು ನನ್ನ ಕೈಗೆ ಕೊಟ್ಟು, ಕಾಗದದ ಮೇಲೆ ಬಗ್ಗಿದಳು. ಸಹಿ ಹಾಕಿದಳು. ಸಂಬಂಧ ಎಂದಿದ್ದ ಕಡೆ ಕೈ ತಡೆಯಿತು, ಆಮೇಲೆ ನಿಧಾನವಾಗಿ ಬರೆದಳು. ಕನ್ನಡಕದ ಮೇಲೆ ಒಂದು ಹನಿ ಬಿದ್ದು ಅವಳಿಗೆ ಅಕ್ಷರ ಸರಿಯಾಗಿ ಕಾಣಲೂ ಇಲ್ಲ. ನಾನು ಬಗ್ಗಿ ನೋಡಿದೆ. ಜಕಾರದ ಒತ್ತು ಬಿಟ್ಟುಹೋಗಿತ್ತು. ನಮ್ಮ ಡಾಕ್ಟರೇಟು 'ಅಜಿ' ಎಂದು ಬರೆದಿಟ್ಟಿದ್ದಳು.

ನರ್ಸು ತಿದ್ದಲು ಪೆನ್ನು ಎತ್ತಿಕೊಂಡಳು.

"ಇರ್ಲಿ ಬಿಡಿ ಸಿಸ್ಟರ್" ಎಂದೆ.